ಯಾರೂ ಇಲ್ಲದ ಮೆಟ್ಟಿಲು

ವಿರಾಲಾ ಕ್ರಾಸಿಂಗ್, ವಿಕ್ಟೋರಿಯಾ
ಮಾರ್ಚ್ 9, 2014

ಪ್ರೀತಿಯ ಡೋರೀನ್,

ನಿನ್ನ ಕ್ರಿಸ್‌ಮಸ್ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈಯಲೇಬೇಕಿದ್ದರೆ ಓದಿ ಮುಗಿಸಿ ಬೈ. ಮಂಡಿನೋವು ಹೇಗಿದೆ? ಇಲ್ಲಿ ಸೆಕೆ ಇನ್ನೂ ಇಳಿದಿಲ್ಲ. ನೊಣಗಳಂತೂ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ನಮ್ಮ ಯಜಮಾನರು ದೊಡ್ಡ ಮನುಷ್ಯರಾಗಿಬಿಟ್ಟಿದ್ದಾರೆ ಕಣೇ. ಮರ್ವ್ ಅಂತರ್ಜಾಲದಲ್ಲಿ ಕೂಡಿಹಾಕುವ ಫೋಟೊಗಳು ನಿನಗೆ ಗೊತ್ತಲ್ಲ. ನಮ್ಮ ಸೀಮೆಯ ಊರುಗಳು, ಪಬ್ಬುಗಳು, ಅಂಚೆ ಕಚೇರಿಗಳು, ಗೋಧಿ ಕಣಜಗಳು, ಒಂದನ್ನೂ ಬಿಟ್ಟಿಲ್ಲ. ಹೋದ ತಿಂಗಳು ನಮ್ಮೂರ ರೈಲ್ವೇ ಪಬ್ ಸುಟ್ಟು ಬೂದಿಯಾಯಿತು. ಅದರ ಒಳ್ಳೆಯ ಫೋಟೊ ಇದ್ದದ್ದು ಇವನ ಹತ್ತಿರ ಮಾತ್ರ. ಅದನ್ನೀಗ ಆಳೆತ್ತರಕ್ಕೆ ಅಚ್ಚು ಹಾಕಿಸಿ ಬರುವ ಶನಿವಾರ ಪುರಭವನದಲ್ಲಿ ತೂಗುಹಾಕುತ್ತಾರಂತೆ. ಪಬ್ ನಡೆಸುತ್ತಿದ್ದ ಕೆವ್ ಮನೆಗೇ ಬಂದು ಇವನ ಕೈ ಹಿಡಿದುಕೊಂಡು, "ಗುರೂ, ನೀನಿಲ್ದಿದ್ರೆ ನಮ್ಮ ಪಬ್ ಇತ್ತು ಅನ್ನೋದಕ್ಕೇ ಸಾಕ್ಷಿ ಇರ್ತಿರ್ಲಿಲ್ಲ" ಅಂದ. ಇವನು ಉಬ್ಬಿಹೋದ.

ನನಗೆ ಹೊಟ್ಟೆ ಉರಿಯುತ್ತಿದೆ ಡೋರೀನ್.

ಈ ಫೋಟೊದವರದ್ದೊಂದು ಮಡಿ ಇದೆ. ಚಿತ್ರದಲ್ಲಿ ಕಟ್ಟಡ ಬಿಟ್ಟು ಕಾರು, ನಾಯಿ, ಮನುಷ್ಯ ಏನೂ ಇರಕೂಡದು. ಅದಕ್ಕೇ ಭಾನುವಾರ ಬೆಳಿಗ್ಗೆ ಪಬ್ ತೆರೆಯುವ ಮುಂಚೆ ಹೋಗಿ ಕಾಯುವುದು. ಎಷ್ಟು ಊರುಗಳಲ್ಲಿ ಕಸದ ಡಬ್ಬಿಗಳನ್ನು ಎಳೆದುಕೊಂಡು ಹೋಗಿ ಮೂಲೆಗೆ ನಿಲ್ಲಿಸಿಲ್ಲ ನಾನು! ಆಮೇಲೆ ಇವನು, "ಥೆಲ್, ನೀನೂ ಅದರ ಪಕ್ಕಾನೇ ನಿಂತ್ಕೊಳೇ, ಅಡ್ಡ ಬರ್ತೀಯ" ಅನ್ನುತ್ತಾನೆ. ನಿಂತು ನಿಂತು ಇಡೀ ಸೀಮೆಯ ಕಸದ ಡಬ್ಬಿಗಳ ಪರಿಚಯವಾಗಿದೆ ನನಗೆ. ಅಷ್ಟು ಸಾವಿರ ಫೋಟೊಗಳಲ್ಲಿ ನಾನು ಒಂದರಲ್ಲೂ ಇಲ್ಲ. ಹೋಗಲಿ ಬಿಡು.

ಮಗಳ ವಿಷಯದಲ್ಲಿ ಮಾತ್ರ ಹೋಗಲಿ ಎನ್ನಲಾರೆ. ರೈಲ್ವೇ ಪಬ್ಬಿನ ಆ ಫೋಟೊ ತೆಗೆದದ್ದು ಜನೀನ್ ಡಾರ್ವಿನ್ನಿಂದ ಬಂದಿದ್ದಾಗ. ನೀನೂ ಜೊತೆಗಿದ್ದೆ. ಗಂಡುಹುಡುಗರ ಹಾಗೆ ಕೂದಲು ಕತ್ತರಿಸಿಕೊಂಡು, ಹಳದಿ ಅಂಗಿ ಹಾಕಿಕೊಂಡು ಬಂದಿದ್ದಳು. ಪಬ್ಬಿನ ಮೆಟ್ಟಿಲ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತು, "ಅಪ್ಪಾ, ನಂದೂ ಒಂದು ತೆಗಿ. ನಿನ್ನ ಕಟ್ಟಡ ಏನೂ ಸವೆದು ಹೋಗಲ್ಲ" ಅಂದಳು.

"ಈಚೆ ಬಾರೇ, ಬಿಸಿಲೇರ್ತಿದೆ. ನಿಂದು ಆಮೇಲೆ ತೆಗೀತೀನಿ" ಅಂದ ಇವನು.

ನಗುತ್ತಾ ಪಕ್ಕಕ್ಕೆ ಸರಿದಳು. ಮಧ್ಯಾಹ್ನ ಕಾರು ಹತ್ತಿ ಹೊರಟಳು. ಊರು ದಾಟಿದ ಕೂಡಲೇ ಗೋಧಿ ಲಾರಿ ಎದುರಾಯಿತು, ಅಲ್ಲಿಗೇ ಮುಗಿಯಿತು.

ಆ ಮೋಟುಗೂದಲಿನ ಜನೀನ್ ನನ್ನ ಬಳಿ ಒಂದು ಚಿತ್ರದಲ್ಲೂ ಇಲ್ಲ. ಅವತ್ತು ನಿನ್ನ ಚೀಲದಲ್ಲಿ ಪುಟ್ಟ ಕ್ಯಾಮೆರಾ ಇತ್ತಲ್ಲವೇನೇ? ಏನಾದರೂ ತೆಗೆದಿದ್ದೆಯಾ? ಮಸುಕಾಗಿದ್ದರೂ ಸರಿ, ಬರೀ ಬೆನ್ನು ಕಂಡರೂ ಸರಿ. ದಮ್ಮಯ್ಯ, ಒಮ್ಮೆ ಹುಡುಕಿ ನೋಡು. ಇಲ್ಲದಿದ್ದರೆ ಇಲ್ಲ ಎಂದೇ ಬರೆ, ನನ್ನ ಸಮಾಧಾನಕ್ಕೆಂದು ಇನ್ನೇನನ್ನೋ ಬರೆಯಬೇಡ.

ದೇವರು ನಿನ್ನ ಮಂಡಿಗೆ ಬಲ ಕೊಡಲಿ. ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ. ಅವರು ಬಂದಾಗ ಫೋಟೊ ತೆಗೆದಿಟ್ಟುಕೋ, ಹಿಂದೆ ಕಸದ ಡಬ್ಬಿ ಕಂಡರೂ ಪರವಾಗಿಲ್ಲ.

ನಿನ್ನ,
ಥೆಲ್ಮಾ

ತಾ.ಕ.: ಆ ಫೋಟೊದಲ್ಲಿ ಜನೀನ್ ಒಂದಿಷ್ಟು ಇದ್ದಳು ಕಣೇ. ಪಕ್ಕಕ್ಕೆ ಸರಿದು ನಿಂತಾಗ ಅವಳ ನೆರಳು ಮೆಟ್ಟಿಲ ಮೇಲೆ ಬಿದ್ದಿತ್ತು, ಸೊಂಟಕ್ಕೆ ಕೈಯಿಟ್ಟುಕೊಂಡ ನೆರಳು. ಇವನು ಹೊರಗೆ ಹೋದಾಗಲೆಲ್ಲ ಕಂಪ್ಯೂಟರ್ ತೆರೆದು ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಮೊನ್ನೆ ನೋಡಿದರೆ ಮೆಟ್ಟಿಲು ಖಾಲಿ. ಅಚ್ಚಿಗೆ ಕೊಡುವ ಮುಂಚೆ ಕಂಪ್ಯೂಟರಿನ ಪ್ರತಿಯಿಂದಲೂ ಅಂತರ್ಜಾಲದ ಪ್ರತಿಯಿಂದಲೂ ಆ ನೆರಳನ್ನು ಅಳಿಸಿಹಾಕಿದ್ದಾನೆ. ಕೇಳಿದ್ದಕ್ಕೆ, "ಯಾವ್ದೋ ನೆರಳು ಕಣೇ, ಚಿತ್ರ ಕೆಡಿಸ್ತಿತ್ತು" ಅಂದ. ಅದು ಯಾರದೆಂದು ನಾನಿನ್ನೂ ಹೇಳಿಲ್ಲ. ಶನಿವಾರ ಪುರಭವನದಲ್ಲಿ ಚಪ್ಪಾಳೆ ಮುಗಿಯಲಿ, ಆಮೇಲೆ ಹೇಳುತ್ತೇನೆ.