ಮೊದಲು ಒಪ್ಪಿಕೊಂಡದ್ದು ಕಂಪನಿ

ಸಲೂನಿಗೆ ರಜೆಯ ದಿನ, ಮಧ್ಯಾಹ್ನ

ನನ್ನ ಗುಬ್ಬಿಗೆ ಅಪ್ಪನ ಆಶೀರ್ವಾದ.

ಕೈಯಲ್ಲಿ ಫೋನು ಇಟ್ಟುಕೊಂಡು ಈ ಮನುಷ್ಯ ಕಾಗದ ಯಾಕೆ ಬರೆದ ಅಂತ ನೀನು ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿರುತ್ತೀಯ. ಗಾಬರಿಯಾಗಬೇಡ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಅಮ್ಮ ನನಗಿಂತ ಗಟ್ಟಿ, ಅವಳ ಗಂಟಲು ಇನ್ನೂ ಗಟ್ಟಿ. ಕಾಗದ ಬರೆಯುವುದರಲ್ಲಿ ಒಂದು ಅನುಕೂಲ ಉಂಟು: ಇದು ನಡುವೆ ನಿಂತುಹೋಗುವುದಿಲ್ಲ. ಕೊನೆಯ ಸಾಲಿನವರೆಗೂ ಬಂದೇ ಬರುತ್ತದೆ.

ನಿನಗೆ ಅರ್ಧ ಗೊತ್ತಿರುವ ಕಥೆಯನ್ನು ಬುಡದಿಂದಲೇ ಹೇಳುತ್ತೇನೆ. ನಡುವೆ ಎಲ್ಲೋ ಶುರು ಮಾಡಿದರೆ ನನಗೆ ದಾರಿ ತಪ್ಪುತ್ತದೆ.

ನೀನು ಔಷಧದ ಅಂಗಡಿ ಕೆಲಸ ಮುಗಿಸಿ ಮನೆಗೆ ಬಂದು ಸಂಜೆ ವೀಡಿಯೊ ಕಾಲ್ ಮಾಡುತ್ತೀಯಲ್ಲ, ಅದು ನನ್ನ ದಿನದ ಸಂಬಳ. ನಾನು ಸಲೂನಿನ ಕೆಲಸ ನಿಲ್ಲಿಸಿ, ಕೈ ತೊಳೆದು, ಹಿಂದಿನ ಕೋಣೆಗೆ ಬಂದು ನಿನ್ನ ಅಮ್ಮನ ಪಕ್ಕ ಕೂರುತ್ತಿದ್ದೆ. ಗಿರಾಕಿ ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು ಕಾಯುತ್ತಿದ್ದರೆ ಕಾಯಲಿ, ಅವನಿಗೂ ಮಕ್ಕಳಿರುತ್ತಾರೆ. ಆದರೆ ಕೆಲವು ಕಾಲದಿಂದ ಏನಾಯಿತು? ಮಾತು ಹದಕ್ಕೆ ಬರುವಷ್ಟರಲ್ಲಿ ನಿನ್ನ ಮುಖ ನಿಂತುಬಿಡುತ್ತಿತ್ತು. ಬಾಯಿ ಅರ್ಧ ತೆರೆದು, ಕಣ್ಣು ಅರ್ಧ ಮುಚ್ಚಿ, ಗೋಡೆಗೆ ಹಾಕಿದ ಫೋಟೋದ ಹಾಗೆ. ತಕ್ಷಣ ನಿನ್ನ ಅಮ್ಮ, ಅಯ್ಯೋ, ಮತ್ತೆ ನೆಟ್‌ವರ್ಕ್ ಹೋಯ್ತು, ಇಡ್ರೀ, ನಾಳೆ ಮಾತಾಡಿದ್ರಾಯ್ತು ಅಂತ ಫೋನು ಕಿತ್ತುಕೊಂಡು ಆಫ್ ಮಾಡುತ್ತಿದ್ದಳು. ಅಷ್ಟು ಅವಸರ ಯಾಕೆ ಅಂತ ನನಗೆ ಆಗ ಹೊಳೆಯಲೇ ಇಲ್ಲ.

ದಿನಕ್ಕೊಮ್ಮೆ ಮಗಳ ಮುಖ ನೋಡುವುದಕ್ಕೂ ಅಡ್ಡಗಾಲು ಹಾಕುವವನು ಯಾರು ಅಂತ ನನಗೆ ಸಿಟ್ಟು ಬಂತು. ಕಂಡುಹಿಡಿದೇ ತೀರುತ್ತೇನೆ ಅಂತ ಟೊಂಕ ಕಟ್ಟಿದೆ.

ಮೊದಲು ಪಕ್ಕದ ರೀಚಾರ್ಜ್ ಅಂಗಡಿಯ ಅಕ್ಕನ ಹತ್ತಿರ ಹೋದೆ. ಅವಳು ನನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಅಂತ ಒಂದು ಆ್ಯಪ್ ಹಾಕಿ ಒತ್ತಿದಳು. ಮುಳ್ಳು ಸರ್ರನೆ ಕೊನೆಯವರೆಗೆ ಓಡಿತು. ನೋಡಣ್ಣಾ, ಕುದುರೆ ಹಾಗೆ ಓಡ್ತಿದೆ, ನಿನ್ನ ಫೋನಿಗೇ ವಯಸ್ಸಾಗಿದೆ ಅಂದಳು. ವಯಸ್ಸಿನ ಮಾತು ಬಂದಾಗ ಅವಳು ನನ್ನ ತಲೆಯನ್ನು ನೋಡಿದ್ದು ನನಗೆ ಇಷ್ಟವಾಗಲಿಲ್ಲ.

ಆಮೇಲೆ ಕಂಪನಿಗೆ ಫೋನು ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಅಂತ ಒಂದು ಹೆಣ್ಣಿನ ದನಿ ಹೇಳುತ್ತಲೇ ಇತ್ತು. ಅಷ್ಟು ಅಮೂಲ್ಯವಾದರೆ ಎತ್ತಬಾರದೇ? ಕೊನೆಗೆ ಒಬ್ಬ ಎತ್ತಿ, ಫೋನು ಆಫ್ ಮಾಡಿ ಆನ್ ಮಾಡಿ ಸರ್ ಅಂದ. ಮಾಡಿದೆ. ಸರಿಹೋಗಲಿಲ್ಲ ಅಂತ ಹೇಳೋಣವೆಂದರೆ ಅಷ್ಟು ಹೊತ್ತಿಗೆ ಅವನೂ ಆಫ್ ಆಗಿದ್ದ.

ನಂತರ ನಾನು ಮಾಡಿದ ಕೆಲಸವನ್ನು ನಿನ್ನ ಅಮ್ಮ ಇಡೀ ಬೀದಿಗೆ ಹೇಳಿಕೊಂಡು ನಗುತ್ತಿದ್ದಾಳೆ, ನನ್ನ ಬಾಯಿಂದಲೇ ಕೇಳಿಬಿಡು. ಸಲೂನಿನ ತುಂಬ ಕನ್ನಡಿಗಳಲ್ಲವೇ, ಸಿಗ್ನಲ್ ಅವಕ್ಕೆ ಬಡಿದು ವಾಪಸ್ ಹೋಗುತ್ತಿರಬೇಕು ಅಂತ ನನಗೆ ಅನ್ನಿಸಿತು. ಎಲ್ಲ ಕನ್ನಡಿಗಳನ್ನೂ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಇಡೀ ದಿನ ಜನ ತಮ್ಮ ಮುಖ ನೋಡಿಕೊಳ್ಳದೆ ಕ್ಷೌರ ಮಾಡಿಸಿಕೊಂಡರು. ಅಂಚೆಯವನು ಹೊರಗೆ ಹೋಗಿ ತನ್ನ ಬೈಕಿನ ಕನ್ನಡಿಯಲ್ಲಿ ಮೀಸೆ ನೋಡಿಕೊಂಡು ವಾಪಸ್ ಬಂದು, ಏನಯ್ಯಾ ಇದು, ಒಂದು ಕಡೆ ಉದ್ದ ಹೆಂಡ್ತಿಗೆ, ಇನ್ನೊಂದು ಕಡೆ ಗಿಡ್ಡ ಆಫೀಸಿಗೆ ಅಂತ ಮಾಡಿದೀಯಾ ಅಂತ ಜಗಳಕ್ಕೆ ನಿಂತ. ಆ ಸಂಜೆಯೂ ನಿನ್ನ ಮುಖ ನಿಂತಿತು. ಕನ್ನಡಿಗಳು ನಿರಪರಾಧಿಗಳು ಅಂತ ತಿರುಗಿಸಿ ಹಾಕಿದೆ.

ನನ್ನ ಕಷ್ಟಕ್ಕೆ ನಿಜವಾಗಿ ಆದವರು ಸರ್ಕ್ಯೂಟ್ ಮೇಷ್ಟ್ರು. ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಾರಲ್ಲ, ಗಡ್ಡದ ಅಂಚು ಗೆರೆ ಎಳೆದ ಹಾಗೆ ಇರಬೇಕು ಅಂತ ಪ್ರಾಣ ತಿನ್ನುತ್ತಾರಲ್ಲ, ಅವರೇ. ಕುರ್ಚಿಯಲ್ಲಿ ಒರಗಿಕೊಂಡು ಕಣ್ಣು ಮುಚ್ಚಿ ನನ್ನ ಗೋಳು ಕೇಳಿದರು. ಸ್ಪೀಡ್ ಟೆಸ್ಟ್ ಓಡುತ್ತೆ, ವೀಡಿಯೊ ನಿಲ್ಲುತ್ತೆ, ಅಲ್ವೇ, ಹಾಗಾದ್ರೆ ಇದರಲ್ಲಿ ಏನೋ ಮಸಲತ್ತು ಇದೆ ಅಂತ ಧಿಡೀರನೆ ಎದ್ದು ಕೂತರು. ಕತ್ತಿ ಕೆನ್ನೆಗೆ ತಗಲಲಿಲ್ಲ, ಪುಣ್ಯ.

ಅವರು ಮಾಡಿದ ಪರೀಕ್ಷೆ ನನಗೂ ಅರ್ಥವಾಯಿತು, ಹಾಗಾಗಿ ನಿನಗೂ ಆಗುತ್ತದೆ. ಎರಡು ಫೋನು, ಎರಡರಲ್ಲೂ ಅದೇ ಕಂಪನಿಯ ಸಿಮ್. ಪೌಡರ್ ಡಬ್ಬಿಗೆ ಒಂದನ್ನು, ಕತ್ತರಿಗಳ ಬಟ್ಟಲಿಗೆ ಇನ್ನೊಂದನ್ನು ಒರಗಿಸಿ ಇಟ್ಟರು. ಎರಡರಲ್ಲೂ ಒಂದೇ ಸಲಕ್ಕೆ ವೀಡಿಯೊ ಕಾಲ್. ಒಂದು ಫೋನಿನಲ್ಲಿ ಮಾತ್ರ, ಕಳಿಸುವುದನ್ನೆಲ್ಲ ಮುಚ್ಚಿ ಕಳಿಸುವ ಒಂದು ಆ್ಯಪ್ ಹಾಕಿದ್ದರು. ಈ ಕಾಗದವನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದ್ದೇನಲ್ಲ, ಹಾಗೆ. ದಾರಿಯಲ್ಲಿ ನಿಂತವನಿಗೆ ಒಳಗೆ ಏನಿದೆ ಅಂತ ತಿಳಿಯುವುದಿಲ್ಲ. ಬೆಳಗ್ಗೆ ನೋಡಿದರೆ ಎರಡೂ ಚೆನ್ನಾಗಿ ನಡೆದವು. ಸಂಜೆಯಾಗುತ್ತಲೇ ಲಕೋಟೆಯೊಳಗಿನದು ನೀರಿನ ಹಾಗೆ ಹರಿಯಿತು, ತೆರೆದು ಕಳಿಸಿದ್ದು ಚೌಕ ಚೌಕವಾಗಿ ಒಡೆದು, ತೆವಳಿ, ನಿಂತಿತು. ಫೋನು ಅದಲು ಬದಲು ಮಾಡಿದರು. ಆಗಲೂ ಅದೇ. ಸಲೂನಿನಲ್ಲಿ ಇದ್ದವರೆಲ್ಲ ಕ್ಷೌರ ಮರೆತು ಸುತ್ತ ನಿಂತಿದ್ದರು. ಮೇಷ್ಟ್ರು ಹೇಳಿದರು: ದಾರಿ ಕಿರಿದಾಗಿಲ್ಲಣ್ಣಾ, ದಾರಿಯಲ್ಲಿ ಒಬ್ಬ ಕಾವಲುಗಾರನ್ನ ನಿಲ್ಸಿದಾರೆ, ವೀಡಿಯೊ ಬಂದ್ರೆ ಕತ್ತು ಹಿಡೀತಾನೆ, ಸ್ಪೀಡ್ ಟೆಸ್ಟ್ ಬಂದ್ರೆ ಸಲಾಮು ಹೊಡ್ದು ಬಿಡ್ತಾನೆ. ಅಂಚೆಯವನು, ಅಂದ್ರೆ ನಮ್ಮ ಸಾಹೇಬ್ರು ತಪಾಸಣೆಗೆ ಬಂದಾಗ ನಾವು ಟೋಪಿ ಹಾಕ್ಕೊಂಡು ಕೂರ್ತೀವಲ್ಲ, ಹಾಗೆ ಅಂದ. ಇವನ ಬುದ್ಧಿಗೆ ನಾನು ಅವತ್ತು ಮೀಸೆ ಬಿಟ್ಟಿಯಾಗಿ ಸರಿಮಾಡಿಕೊಟ್ಟೆ.

ಇಲ್ಲೊಂದು ಸಣ್ಣ ಮಾತು. ಮೇಷ್ಟ್ರು ಪ್ರತಿ ಸಂಜೆ ತಮ್ಮ ಪರೀಕ್ಷೆ ಮಾಡಿ, ನಿನ್ನ ಕಾಲ್ ನಿಂತಿತೋ ಇಲ್ಲವೋ ಅಂತ ನನ್ನನ್ನು ಕೇಳುತ್ತಿದ್ದರು. ಬಹಳ ದಿನ ಎರಡೂ ಹೊಂದುತ್ತಿದ್ದವು. ಕೆಲವು ದಿನ ಮಾತ್ರ ಹೊಂದಲಿಲ್ಲ. ಅವರ ಫೋನು ನೆಟ್ಟಗೆ ನಡೆದಿದೆ, ನಿನ್ನ ಮುಖ ನಿಂತಿದೆ. ನಿಂತಿದ್ದೂ ಚೌಕ ಚೌಕವಾಗಿ ಒಡೆಯದೆ, ಸ್ವಚ್ಛವಾಗಿ. ಅವರು ಗಡ್ಡ ತುರಿಸಿಕೊಂಡು, ಆ ದಿನಗಳದ್ದು ಕಂಪನಿ ತಪ್ಪಲ್ಲ ಅನ್ಸುತ್ತೆ ಅಣ್ಣಾ, ಮಗಳ ಕಡೆ ಏನೋ ಇರ್ಬೇಕು ಅಂದರು. ನನಗೆ ಉರಿದುಹೋಯಿತು. ನನ್ನ ಮಗಳ ಕಡೆ ಏನೂ ಇಲ್ಲ ಮೇಷ್ಟ್ರೇ, ನೀವು ಕಂಪನಿ ನೋಡ್ಕೊಳ್ಳಿ ಅಂತ ಅಂದುಬಿಟ್ಟೆ.

ಒಂದು ಸಂಜೆ ಕಂಪನಿಯ ಆಫೀಸಿಗೆ ದಂಡು ಕಟ್ಟಿಕೊಂಡೇ ಹೋದೆವು. ಮೇಷ್ಟ್ರು, ರೀಚಾರ್ಜ್ ಅಕ್ಕ, ಅಂಚೆಯವನು, ನಾನು. ಅಲ್ಲಿನ ಅಧಿಕಾರಿಗೆ ಒಂದು ಕಿವಿಯ ಪಕ್ಕದ ಕೃದಾ ಮೇಲೆ, ಇನ್ನೊಂದು ಕಡೆಯದು ಕೆಳಗೆ. ಯಾರು ಮಾಡಿದರೋ, ಅವನ ಮೇಲೆ ನನಗೆ ಕಂಪನಿಗಿಂತ ಹೆಚ್ಚು ಸಿಟ್ಟು ಬಂತು. ಹಾಗೆಲ್ಲ ಸ್ಪೀಡ್ ಕಡಿಮೆ ಮಾಡಲ್ಲ ಸರ್, ಸಾಧ್ಯವೇ ಇಲ್ಲ ಅಂತ ಅವನು ಶುರು ಮಾಡಿದ. ಮೇಷ್ಟ್ರು ಎರಡು ಫೋನುಗಳನ್ನೂ ಅವನ ಮೇಜಿನ ಮೇಲೆ ಇಟ್ಟು ನಡೆಸಿದರು. ಅವನು ನೋಡಿದ. ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೊಮ್ಮೆ ನೋಡಿದ. ಆಮೇಲೆ ದನಿ ತಗ್ಗಿಸಿ, ನಮ್ಮಮ್ಮನೂ ದಿನಾ ಬೈತಾರೆ, ಅವರ ಫೋನಿಂದೇ ತಪ್ಪು ಅಂತ ಹೇಳ್ತಾ ಬಂದೆ ಅಂದ. ಒಳ್ಳೆಯ ಮಗ, ಕೆಲಸ ಅಂಥದ್ದು. ದೂರನ್ನು ಅವನೇ ಕೂತು ಬರೆದುಕೊಂಡ.

ಬಹಳ ಅಲೆದಾಟದ ಮೇಲೆ ಕಂಪನಿಯಿಂದ ಉತ್ತರ ಬಂತು. ಸಂಜೆಯ ದಟ್ಟಣೆ ನಿಭಾಯಿಸಲು ವೀಡಿಯೊ ವೇಗಕ್ಕೆ ಮಿತಿ ಹಾಕಿದ್ದು ಹೌದು, ಅದನ್ನು ತೆಗೆದಿದ್ದೇವೆ, ತೊಂದರೆಗೆ ವಿಷಾದ. ಮೇಷ್ಟ್ರು ಸಲೂನಿನಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ಅಂಚೆಯವನು ಶಿಳ್ಳೆ ಹೊಡೆದ. ನಾನು ಎಲ್ಲರಿಗೂ ಚಹಾ ಹೇಳಿದೆ.

ಆ ಸಂಜೆ ನೀನು ಕಾಲ್ ಮಾಡಿದೆ. ಗುಬ್ಬೀ, ಎಷ್ಟು ಚೆನ್ನಾಗಿ ಕಂಡೆ ಗೊತ್ತೇ! ನಿನ್ನ ಹಣೆಯ ಮೇಲಿನ ಸಣ್ಣ ಕೂದಲು, ಹಿಂದಿನ ಗೋಡೆ, ಗೋಡೆಯ ಮೇಲಿನ ಹಲಗೆ, ಎಲ್ಲವೂ ಕೈಗೆ ಸಿಗುವ ಹಾಗಿತ್ತು. ನಾನು ಗೆದ್ದ ಜಟ್ಟಿಯ ಹಾಗೆ ಕೂಗಿಕೊಂಡೆ: ಅಳಿಯಂದಿರನ್ನ ಕರಿ ಮಗಳೇ, ನನ್ನ ಪ್ರತಾಪ ಅವರೂ ಕೇಳ್ಲಿ!

ನಿನ್ನ ಮುಖ ನಿಂತಿತು.

ಮಗಳೇ, ನನ್ನ ಕೆಲಸ ಏನು ಅಂತ ನೀನು ಮರೆತೆ. ಜೀವಮಾನವೆಲ್ಲ ನಾನು ಅಲ್ಲಾಡದೆ ಕೂತ ಮುಖಗಳನ್ನೇ ನೋಡಿದವನು. ಗಂಟಲಿನ ಹತ್ತಿರ ಕತ್ತಿ ಬಂದಾಗ ಜನ ಹೇಗೆ ಕೂರುತ್ತಾರೆ ಗೊತ್ತೇ? ರೆಪ್ಪೆ ಬಡಿಯುವುದಿಲ್ಲ, ಉಸಿರು ಕಟ್ಟುತ್ತಾರೆ. ಆದರೆ ಉಗುಳು ನುಂಗುವುದನ್ನು ತಡೆಯಲು ಯಾರಿಂದಲೂ ಆಗುವುದಿಲ್ಲ. ಗಂಟಲು ಒಮ್ಮೆ ಅಲ್ಲಾಡಿಯೇ ಅಲ್ಲಾಡುತ್ತದೆ. ಅದಕ್ಕೆ ಸ್ವಲ್ಪ ಮೊದಲೇ ಕತ್ತಿಯನ್ನು ಎತ್ತಿಕೊಳ್ಳುವುದು ನಮ್ಮ ಕಸುಬಿನ ಅರ್ಧ ವಿದ್ಯೆ. ನಿನ್ನ ಗಂಟಲು ಅಲ್ಲಾಡಿದ್ದು ನನಗೆ ಕಂಡಿತು. ನಾನು ಕತ್ತಿ ಎತ್ತಿಕೊಂಡೆ. ಥತ್, ಮತ್ತೆ ನಿಂತ್ಹೋಯ್ತು ಈ ಹಾಳು ನೆಟ್‌ವರ್ಕ್ ಅಂತ ನಾನೇ ಹೇಳಿ, ನಾನೇ ಆಫ್ ಮಾಡಿದೆ. ನಿನ್ನ ಅಮ್ಮ ಪಕ್ಕದಲ್ಲಿದ್ದಳು, ಏನೂ ಅನ್ನಲಿಲ್ಲ. ಅವಳಿಗೆ ತಿಳಿಯದಿರಲಿ ಅಂತ ನಾನೂ ಏನೂ ಅನ್ನಲಿಲ್ಲ.

ಮರುದಿನ ಮೇಷ್ಟ್ರು ಬಂದು, ಹೇಗಣ್ಣಾ ಕಾಲ್ ಅಂತ ಕೇಳಿದರು. ಚೆನ್ನಾಗಿ ಬಂತು ಮೇಷ್ಟ್ರೇ ಅಂದೆ. ಅವರ ಗಡ್ಡದ ಅಂಚು ಅವತ್ತು ನೆಟ್ಟಗೆ ಬರಲಿಲ್ಲ. ಅಂಥ ಗಡ್ಡದ ಮನುಷ್ಯ, ಕನ್ನಡಿಯಲ್ಲಿ ನೋಡಿಯೂ, ಚೆನ್ನಾಗಿದೆ ಬಿಡು ಅಂದು ಎದ್ದು ಹೋದರು.

ನಾನು ನಿನ್ನನ್ನು ಏನೂ ಕೇಳುವುದಿಲ್ಲ. ಕೇಳಿದರೆ ನೀನು ಮತ್ತೆ ಉಸಿರು ಕಟ್ಟಿ ಕೂರಬೇಕಾಗುತ್ತದೆ, ಅದು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಹಿಂದಿನ ಕೋಣೆಯ ಕಿಟಕಿಗೆ ಹೊಸ ಚಿಲಕ ಹಾಕಿಸಿದ್ದೇನೆ. ಈ ಬೀದಿಯ ತಿರುವಿನಲ್ಲಿ ಔಷಧದ ಅಂಗಡಿಯವರು ಕೆಲಸ ಬಲ್ಲವರು ಬೇಕು ಅಂತ ಬೋರ್ಡು ಹಾಕಿದ್ದಾರೆ. ಸುಮ್ಮನೆ ಕಣ್ಣಿಗೆ ಬಿತ್ತು, ಬರೆದೆ. ನೀನು ಬರದೆ ಅಲ್ಲಿಯೇ ಇರುತ್ತೇನೆ ಅಂದರೂ ಸರಿ, ನಾವೇ ಬಂದು ನಾಲ್ಕು ದಿನ ಇದ್ದು ಹೋಗುತ್ತೇವೆ.

ಇಂತಿ,
ನಿನ್ನ ಮುಖ ಎಂದೂ ಸಾಕೆನ್ನಿಸದ
ಅಪ್ಪ

ತಾ.ಕ.: ಕಾಗದದಲ್ಲಿ ಅಳಿಯಂದಿರನ್ನು ವಿಚಾರಿಸಿಲ್ಲ ಅಂತ ನೀನು ಗಮನಿಸಿರುತ್ತೀಯ. ಮದುವೆಯಲ್ಲಿ ನಾನು ಅವರಿಗೆ ಕೊಟ್ಟ ಶೇವಿಂಗ್ ಬ್ರಶ್ಶು ನಿನ್ನ ಹಿಂದಿನ ಆ ಹಲಗೆಯ ಮೇಲೆ ಇರುತ್ತಿತ್ತು. ಊರಿಗೆ ಹೋದ ಗಂಡಸು ಬ್ರಶ್ಶು ಒಯ್ಯಬಹುದು. ಬಟ್ಟಲು, ಕನ್ನಡಿ, ಕನ್ನಡಿಯ ಮೊಳೆ, ಯಾವುದೂ ಇರಲಿಲ್ಲ. ಅವರು ಮನೆ ಬಿಟ್ಟು ಹೋಗಿದ್ದಾರೆ ಅಂತ ನನಗೆ ಆಗಲೇ ಅರ್ಥವಾಯಿತು.

ಇಷ್ಟು ಬರೆಯುವಾಗ ನಿನ್ನ ಅಮ್ಮ ಚಹಾ ತಂದವಳು ಹಿಂದೆ ನಿಂತು ಎಲ್ಲವನ್ನೂ ಓದಿಬಿಟ್ಟಳು. ಕೂಗಾಡುತ್ತಾಳೆ ಅಂತ ನಾನು ಹೆದರಿದರೆ, ಈಗ ಗೊತ್ತಾಯ್ತಾ ನಿಮಗೆ ಅಂದಳು! ಅವಳಿಗೆ ಯಾವಾಗಲೋ ಗೊತ್ತಂತೆ. ನೀನು ಗಂಡನ ಮೇಲೆ ದೂರು ಹೇಳುವುದನ್ನು ನಿಲ್ಲಿಸಿದ ದಿನವೇ ಗೊತ್ತಾಯಿತಂತೆ. ನಿನಗೆ ಕಷ್ಟವಾಗದಿರಲಿ ಅಂತಲೇ ನೆಟ್‌ವರ್ಕ್ ಹೋಯ್ತು ಅಂತ ಫೋನು ಕಿತ್ತುಕೊಳ್ಳುತ್ತಿದ್ದಳಂತೆ. ನಾನು ಕನ್ನಡಿ ತಿರುಗಿಸುವಾಗಲೂ, ಊರೆಲ್ಲ ಕಟ್ಟಿಕೊಂಡು ಆಫೀಸಿಗೆ ಹೋಗುವಾಗಲೂ ಒಂದು ಮಾತು ಹೇಳಲಿಲ್ಲ, ನೋಡು. ನೀನು, ಅವಳು, ಕಂಪನಿ, ಮೂವರೂ ಸೇರಿ ನನಗೆ ಸುಳ್ಳು ಹೇಳಿದಿರಿ. ಮೊದಲು ಒಪ್ಪಿಕೊಂಡದ್ದು ಕಂಪನಿ.

ಕೊನೆಯ ಸಾಲು ಅವಳದು, ಬರೀರಿ ಅಂತ ತಲೆಯ ಮೇಲೆಯೇ ನಿಂತಿದ್ದಾಳೆ: ಕಾಗದ ಸಿಕ್ಕಿದ ಸಂಜೇನೇ ಕಾಲ್ ಮಾಡೇ, ಅಳು ಬಂದ್ರೆ ಅಳು, ಈಗ ಚಿತ್ರ ನಿಲ್ಲಲ್ಲ.