ನಿಮ್ಮ ಕೈಬರಹ

ವಿಲೋಮೀಡ್, ಸಸ್ಕ್ಯಾಚೆವಾನ್
೧೨ ಜುಲೈ ೧೯೬೨, ಗುರುವಾರ

ನನ್ನ ಮುದ್ದು ಅಪ್ಪಾ,

ಮೊಣಕಾಲು ನೋವು ಹೇಗಿದೆ? ಸರೋವರದ ಸೊಳ್ಳೆಗಳು ಡಾಕ್ಟರೆಂದು ನಿಮಗೇನಾದರೂ ಮರ್ಯಾದೆ ಕೊಡುತ್ತಿವೆಯೇ? ಅಮ್ಮ ಉಪ್ಪಿನ ಡಬ್ಬಿ ಬಚ್ಚಿಡುತ್ತಿದ್ದಾಳೆ ತಾನೇ? ಆ ಬೇಸಿಗೆ ಮನೆಗೊಂದು ಟೆಲಿಫೋನ್ ಹಾಕಿಸಿ ಎಂದು ಎಷ್ಟು ಗೋಗರೆದಿದ್ದೆ! ಮದುವೆಯಾಗಿ ಮೂರು ವಾರವೂ ತುಂಬದ ಮಗಳು ಈಗ ತನ್ನ ಸಂಭ್ರಮವನ್ನೆಲ್ಲ ಒಂದು ಕಾಗದದೊಳಗೆ ತುರುಕಬೇಕು.

ನಾನು ಎಷ್ಟು ಸುಖವಾಗಿದ್ದೇನೆಂದರೆ ನನಗೇ ನಾಚಿಕೆಯಾಗುತ್ತದೆ. ಓರೆಸ್ಟ್ ಗಡ್ಡ ಹೆರೆಯುವಾಗ ಹಾಡುತ್ತಾನೆ, ಕೆನ್ನೆ ಕುಯ್ದುಕೊಳ್ಳುತ್ತಾನೆ, ಮತ್ತೆ ಹಾಡುತ್ತಾನೆ! ಅತ್ತೆ ನನಗೆ ವರೆನಿಕಿ, ಅದೇ ಅವರ ಆಲೂಗಡ್ಡೆ ತುಂಬಿದ ಕಡುಬು, ಕಲಿಸುತ್ತಿದ್ದಾರೆ. ನಾನು ಮಡಿಚಿದ್ದನ್ನು ಬೆಳಕಿಗೆ ಹಿಡಿದು, "ಇದು ವರೆನಿಕಿ ಅಲ್ಲ ಮಗಳೇ, ಸುಸ್ತಾಗಿ ಮಲಗಿರೋ ಕಪ್ಪೆ" ಅಂದರು. ಆದರೂ ಎಲ್ಲ ತಿಂದರು. ಮಾವ ಮಾತ್ರ ಸರಿಯಾಗಿ ಉಣ್ಣುತ್ತಿಲ್ಲ. ಗೋಧಿ ಮೂಟೆ ಎತ್ತಿದಂದಿನಿಂದ ಹರ್ನಿಯಾ ಹೆಚ್ಚಾಗಿದೆ. ಕೇಳಿದರೆ, "ಏನಿಲ್ಲ, ವಯಸ್ಸು" ಎನ್ನುತ್ತಾರೆ.

ನಮ್ಮ ಮದುವೆ ಊಟದಲ್ಲಿ ನೀವೂ ಮಾವನೂ ಸೂಪು ಆರಿಹೋಗುವವರೆಗೆ ಜಗಳವಾಡಿದ್ದು ನೆನಪಿದೆಯೇ? "ಯಾವ ರೋಗೀನ ಹೇಗೆ ನೋಡ್ಬೇಕು ಅಂತ ರೆಜಿನಾದ ಸರ್ಕಾರಿ ಗುಮಾಸ್ತ ನನಗೆ ಹೇಳ್ತಾನಾ? ನಾನು ಯಾರನ್ನಾದ್ರೂ ಬಾಗಿಲಿಂದ ವಾಪಸ್ ಕಳ್ಸಿದೀನಾ?" ಎಂದು ನೀವು ಮೇಜು ಕುಟ್ಟಿದಿರಿ. ಮಾವ ಮೆಲ್ಲಗೆ, "ನೀವು ಕಳಿಸ್ಲಿಲ್ಲ ಬೀಗ್ರೇ. ನಮ್ಮಮ್ಮ ಬಾಗಿಲ ತನಕ ಬಂದು, ಫೀಸು ಹೇಗಪ್ಪಾ ಕೊಡೋದು ಅಂತ ನಾಚ್ಕೊಂಡು ತಾನೇ ವಾಪಸ್ ಹೋದ್ಲು" ಅಂದರು. ನೀವು ಆರಿದ ಸೂಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿಬಿಟ್ಟಿರಿ. ನಾನು ನೋಡಿದ್ದೆ.

ಪ್ರಾಂತದ ಎಲ್ಲರ ಚಿಕಿತ್ಸೆಯ ಖರ್ಚೂ ಸರ್ಕಾರದ್ದು ಎಂಬ ಕಾನೂನು ಬಂದ ದಿನವೇ ಉಳಿದ ಡಾಕ್ಟರುಗಳಂತೆ ನೀವೂ ಪ್ರತಿಭಟಿಸಿ ದವಾಖಾನೆ ಬಾಗಿಲು ಮುಚ್ಚಿ ಸರೋವರಕ್ಕೆ ಹೊರಟುಬಿಟ್ಟಿರಿ. "ಬೀಗರು ಅಂದ್ರೆ ಬೀಗ ಹಾಕ್ಕೊಂಡು ಹೋಗೋರು ಅಂತ ಈಗ ಗೊತ್ತಾಯ್ತು" ಎಂದು ಮಾವ ಊರೆಲ್ಲ ನಗಿಸುತ್ತಿದ್ದಾರೆ. ಆದರೆ ಬೇರೆ ಯಾರಾದರೂ ನಿಮ್ಮನ್ನು ಬೈದರೆ ಮಾತ್ರ ಎದ್ದು ಹೋಗುತ್ತಾರೆ. ನಮ್ಮ ಮನೆಯ ಮುಂದಿನ ಕಿಟಕಿಯಲ್ಲಿ ಅವರ ಫಲಕ, 'ಕಾನೂನು ಉಳಿಯಲಿ'. ಅಡುಗೆಮನೆ ಕಿಟಕಿಯಲ್ಲಿ ನನ್ನದು, 'ನಮ್ಮ ಡಾಕ್ಟರು ನಮಗೆ ಬೇಕು'. ಅಪ್ಪಾ, ನನಗೆ ಎರಡೂ ಬೇಕು. ಇದರಲ್ಲಿ ತಪ್ಪೇನಿದೆ?

ನಿಮ್ಮ ಬದಲಿಗೆ ಸರ್ಕಾರ ಇಂಗ್ಲೆಂಡಿನಿಂದ ವಿಮಾನದಲ್ಲಿ ಕರೆಸಿದ ಡಾಕ್ಟರ್ ಟ್ರೆವಿಕ್ ಸಹಕಾರಿ ಅಂಗಡಿಯ ಹಿಂಬದಿಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದಾರೆ. ಒಳ್ಳೆಯವರು, ಕಿವಿ ಮಾತ್ರ ಬಿಸಿಲಿಗೆ ಸುಲಿದುಹೋಗಿವೆ. ಆದರೆ ನಿಮ್ಮ ಔಷಧಿ ಚೀಟಿಯೊಂದನ್ನು ತಲೆಕೆಳಗಾಗಿ ಹಿಡಿದು ಓದಲು ಹೊರಟಿದ್ದರು! ನಾಲ್ಕು ವರ್ಷ ನಿಮ್ಮ ದವಾಖಾನೆಯಲ್ಲಿ ಕೂತು ಆ ಕೋಳಿಗಾಲಿನ ಅಕ್ಷರ ಕಲಿತವಳು ಊರಲ್ಲಿ ನಾನೊಬ್ಬಳೇ ತಾನೇ?

ಅಮ್ಮನಿಗೆ ನೂರು ಮುತ್ತು. ನಿಮಗೆ ನೂರಾ ಒಂದು, ಅವಳಿಗೆ ಹೇಳಬೇಡಿ.

ನಿಮ್ಮ (ಈಗ ಅರ್ಧ ಓರೆಸ್ಟನ)
ಮೇವಿಸ್

ಮರೆತಿದ್ದೆ: ಬೈಯಬೇಡಿ. ನನ್ನ ಹತ್ತಿರ ಉಳಿದಿದ್ದ ಕೀಲಿಯಿಂದ ದವಾಖಾನೆ ತೆಗೆದು ಮಾವನ ಹಳೆಯ ಚಿಕಿತ್ಸೆಯ ಕಾರ್ಡು ತಂದೆ. ಬರುವ ಮಂಗಳವಾರ ಟ್ರೆವಿಕ್ ಕೈಯಲ್ಲಿ ಅವರಿಗೆ ಹರ್ನಿಯಾ ಆಪರೇಷನ್. ಹನ್ನೊಂದು ವರ್ಷದ ಹಿಂದೆ ನೀವೇ ಅವರ ಅಪೆಂಡಿಕ್ಸ್ ತೆಗೆದಾಗ ಅರಿವಳಿಕೆಯ ಬಗ್ಗೆ ಬರೆದ ಸಾಲಿನಲ್ಲಿ 'ಈಥರ್' ಆದಮೇಲೆ ಒಂದು ಪದವಿದೆ. ನನಗದು 'ಒಗ್ಗಿತು' ಎಂದು ಕಾಣುತ್ತದೆ, ಟ್ರೆವಿಕ್‌ಗೆ 'ಒಗ್ಗದು' ಎಂದು. ಮಾವನನ್ನು ಕೇಳಿದರೆ, "ಮಲಗ್ದೆ, ಎದ್ದೆ, ಬೀಗ್ರು ಪಕ್ಕದಲ್ಲೇ ಕೂತಿದ್ರು, ಅಷ್ಟೇ ಗೊತ್ತು" ಎನ್ನುತ್ತಾರೆ. ಮೊದಲ ಸಲ ನಿಮ್ಮ ಅಕ್ಷರ ನನಗೂ ಓದಲಾಗುತ್ತಿಲ್ಲ ಅಪ್ಪಾ. ಉತ್ತರ ಬರೆಯಬೇಡಿ, ಅದನ್ನು ಓದುವವರು ಯಾರು? ನೀವೇ ಬನ್ನಿ.