ಹಿಂಬದಿಯ ಗೋಡೆ

ಅಕ್ಕಾ,

ನಿನ್ನ ಮೇಲೆ ಸಿಟ್ಟಿದೆ. ಅದು ಆರುವ ಮೊದಲೇ ಬರೆಯೋಣವೆಂದರೆ ಕೂತಲ್ಲಿ ಕೂರಲಾಗುತ್ತಿಲ್ಲ.

ಹಳೆಯ ಪೇಟೆಯ ಸಂರಕ್ಷಣಾ ಯೋಜನೆಯನ್ನು ಜನರ ಮುಂದಿಟ್ಟ ದಿನ, ನಗರಸಭೆಯ ಹಾಲ್‌ನಲ್ಲಿ ನೀನು ಹಿಂದಿನ ಸಾಲಿನಿಂದ ಎದ್ದು ನಿಂತೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು "ಮೇಡಂ" ಎಂದು ಕರೆದೆ. "ಮೇಡಂ, ನಮ್ಮನೆ ಮರದ ಮೆಟ್ಟಿಲು ಮುಟ್ಟೋ ಹಾಗಿಲ್ಲ, ಗೋಡೆ ಒಡೆಯೋ ಹಾಗಿಲ್ಲ ಅಂತ ಬರ್ದಿದ್ದೀರಿ. ಲಕ್ವ ಹೊಡೆದ ನಮ್ಮನೆಯವ್ರು ಕೆಳಗಿಳಿಯೋದು ಹೇಗೆ ಅಂತ ಎಲ್ಲಿ ಬರ್ದಿದ್ದೀರಿ?" ಹಾಲ್ ತುಂಬ ಚಪ್ಪಾಳೆ. ಯೋಜನೆ ಬರೆದ ನಾನು ನಿನ್ನ ಪ್ರಶ್ನೆಯನ್ನು ಅದರ ಅಂಚಿನಲ್ಲೇ ಗುರುತು ಹಾಕಿಕೊಂಡೆ.

ನಿನ್ನ ಪಕ್ಕದ ಬೀದಿ ಹೇಗೆ ಹೋಯಿತೆಂದು ಗೊತ್ತಲ್ಲ? ಹಳೆಯ ನಿಯಮದಲ್ಲಿದ್ದ 'ಅಗತ್ಯವಿದ್ದಲ್ಲಿ ಮಾರ್ಪಾಡು' ಎಂಬ ಮಾತನ್ನೇ ಹಿಡಿದು ಬಿಲ್ಡರುಗಳು ಮುಂಗೋಡೆಯನ್ನಷ್ಟೇ ಉಳಿಸಿ, ಹಿಂದೆ ಹೋಟೆಲು ಎಬ್ಬಿಸಿದರು. ಅಲ್ಲಿದ್ದ ದರ್ಜಿ, ಬೀಗ ರಿಪೇರಿಯವನು ಎಲ್ಲಿ ಹೋದರೋ. ಅದಕ್ಕೇ ಈ ಸಲ ಒಂದು ಕಿಂಡಿಯನ್ನೂ ಬಿಡದೆ ಮುಚ್ಚಿದ್ದೆ. ಒಳಗೆ ಭಾವ ಸಿಕ್ಕಿಕೊಂಡರು.

ಮರುದಿನ ನೀನಿಲ್ಲದ ಹೊತ್ತಿನಲ್ಲಿ ಮನೆಗೆ ಬಂದಿದ್ದೆ. ಭಾವ ನಿನಗೆ ಹೇಳಿರಲಿಕ್ಕಿಲ್ಲ. ಕಿಟಕಿಯ ಬಳಿ ಒಂದೇ ಕೈಯಲ್ಲಿ ರೇಡಿಯೋ ತಿರುಗಿಸುತ್ತಿದ್ದರು. "ಮೆಟ್ಟಿಲ ಮೇಲೆ ನಂಗೇನೂ ಕೋಪ ಇಲ್ಲ ಕಣಮ್ಮ," ಎಂದರು. "ಬೀದೀಲಿ ಯಾರಾದ್ರೂ ನಗ್ತಿದ್ರೆ, ಯಾಕೆ ಅಂತ ಕೇಳೋಕಾಗಲ್ಲ. ಅಷ್ಟೇ." ಕೆಳಗಿಳಿದು ಹಿತ್ತಲಿಗೆ ಹೋದೆ, ಟೇಪು ಹಿಡಿದು ಗೋಡೆ ಅಳೆದೆ. ಹಿಂಬದಿಯ ಗೋಡೆ ಈಚೆಗೆ ಕಟ್ಟಿದ್ದು, ಅದರಲ್ಲಿ ಬಾಗಿಲು ತೆರೆದರೂ ಹಳೆಯದೇನೂ ಹಾಳಾಗದು. ಅದಕ್ಕೆ ತಾಗಿ ಲಿಫ್ಟ್ ನಿಂತರೆ ಮೆಟ್ಟಿಲಿಗೂ ಧಕ್ಕೆಯಿಲ್ಲ, ಬೀದಿಗೂ ಕಾಣದು.

ವಾಸವಿರುವವರಿಗೆ, ಹಿಂಬದಿಯಲ್ಲಿ ಮಾತ್ರ ಲಿಫ್ಟಿಗೆ ಅವಕಾಶ ಎಂದು ಹೊಸ ನಿಯಮ ಬರೆದು ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ಕನ್ನಡಕ ತೆಗೆದು, "ಇದು ಯಾರ ಮನೆಗೋಸ್ಕರ?" ಎಂದರು. "ನಮ್ಮಕ್ಕನ ಮನೆಗೆ" ಎಂದೆ. ಸ್ವಂತದವರ ಮನೆ ಎಂದ ಮೇಲೆ ನಿಮ್ಮ ಬೀದಿಯ ಕೆಲಸ ನನ್ನ ಕೈತಪ್ಪಿತು, ನನ್ನನ್ನು ಹೊರಗೆ ಕಳಿಸಿದರು. ಅವರು ಒಳಗೆ ವಾದಿಸುತ್ತಿದ್ದಷ್ಟು ಹೊತ್ತೂ ಹೊರಗಿನ ಮೊಗಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದೆ. ಕೊನೆಗೆ ನಿಯಮ ಉಳಿಯಿತು, ಮನೆ ಮಾರಿದರೆ ಲಿಫ್ಟ್ ತೆಗೆಯಬೇಕು ಎಂಬ ಷರತ್ತಿನೊಂದಿಗೆ. ನೀನು ಮಾರುವವಳಲ್ಲ, ನನಗೆ ಗೊತ್ತು.

ಆದರೆ ಅನುಮತಿ ಸಿಕ್ಕಿ, ಕೆಲಸ ಮುಗಿಯಲು ವರ್ಷ ಹಿಡಿಯಬಹುದು. ಅಲ್ಲಿಯವರೆಗೆ ಕೈಕಟ್ಟಿ ಕೂರಲು ನನ್ನಿಂದಾಗದು. ಭಾನುವಾರ ಬೆಳಿಗ್ಗೆ ಬರುತ್ತೇನೆ. ಕೈಯಿರುವ ಗಟ್ಟಿ ಕುರ್ಚಿಯೊಂದನ್ನು ತೆಗೆದಿಡು, ಭಾವನನ್ನು ಅದರಲ್ಲಿ ಕೂರಿಸಿ ಮೆಟ್ಟಿಲಿಳಿಸೋಣ. ಮುಂದೆ ಹಿಡಿಯಲು ಕೆಳಗಿನ ಅಂಗಡಿಯ ಬಡಗಿ ಒಪ್ಪಿದ್ದಾರೆ. ಹಿಂದೆ ಒಂದು ಕಾಲು ನೀನು ಹಿಡಿ, ಇನ್ನೊಂದು ನಾನು. ಬೈಯುವುದು ಬಾಕಿ ಇದ್ದರೆ ಇಳಿಯುತ್ತಿರುವಾಗಲೇ ಬೈದುಬಿಡು, ಕುರ್ಚಿ ಮಾತ್ರ ಬಿಡಬೇಡ.

ಭಾನುವಾರ ಒಳ್ಳೆಯ ಬಿಸಿಲಿರಲಿ, ನಿಮ್ಮಿಬ್ಬರ ಮೈಗೂ ತಾಗಲಿ.

ನಿನ್ನ ತಂಗಿ